ತಟ್ಟೆ ತಿರುಗಿಸಿದ ಮಧ್ಯಾಹ್ನ

ನಾನು ಜೊತೆಗಿದ್ದರೂ ಇಲ್ಲದಿದ್ದರೂ ಗೆಳತಿಯರಿಗೆ ವ್ಯತ್ಯಾಸವೇ ತಿಳಿಯದೇನೋ ಎಂಬ ಅಳುಕನ್ನು ಯಾರಿಗೂ ಹೇಳದೆ ಅವರೊಂದಿಗೆ ಕಮೋತೆಸ್ ದ್ವೀಪಕ್ಕೆ ಹೋಗಿದ್ದೆ. ಮಧ್ಯಾಹ್ನ ಕಡಲ ದಂಡೆಯಲ್ಲಿ ಮಾರಿಫೆ, ಲೂರ್ದೆಸ್, ನಾನು ಊಟಕ್ಕೆ ಕೂತಿದ್ದೆವು. ಹಡಗಿನಲ್ಲಿ ಪರಿಚಯವಾಗಿದ್ದ ಎಲ್ಮರ್ ಮತ್ತು ಅವನ ತಂಗಿಯೂ ಇದ್ದರು.

"ಎಲ್ಮರ್, ಈ ಮೀನಿನ ತಲೆ ನಿಂಗೇ. ಇಬ್ಬರ ಮುಖಾನೂ ಒಂದೇ ಥರ ಇದೆ!" ಎಂದು ಮಾರಿಫೆ ರೇಗಿಸಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಷ್ಟರಲ್ಲಿ ಅವಳು ದೋಣಿಗಳತ್ತ ನೋಡಿ, "ಅಯ್ಯೋ, ತಟ್ಟೆ ತಿರುಗಿಸ್ರೇ! ಊಟದ ಮಧ್ಯೆ ಎದ್ದು ಹೊರಟೇಬಿಟ್ಳು" ಎಂದಳು. ಊಟ ಮುಗಿಯುವ ಮೊದಲೇ ಒಬ್ಬರು ಹೊರಟರೆ, ಅವರು ಕ್ಷೇಮವಾಗಿ ಊರು ಸೇರಲೆಂದು ಉಳಿದವರು ತಟ್ಟೆ ತಿರುಗಿಸುವುದು ನಮ್ಮ ರೂಢಿ. ಆದರೆ ಯಾರೂ ಎದ್ದಿರಲಿಲ್ಲ.

"ಹೇಳ್ದೇನೇ ಹೋದ್ರಲ್ಲ. ಅವರ ಹೆಸರೇನಂದ್ರಿ?" ಎಂದ ಎಲ್ಮರ್.

"ರೊವೆನಾ. ಅವಳು ಹಂಗೇ ಬಿಡು."

ಅದು ನನ್ನ ಹೆಸರು.

ಮರದ ಮೇಜಿನ ಮೇಲೆ ನಾಲ್ಕು ತಟ್ಟೆಗಳು ಕರಕರ ತಿರುಗಿದವು. ಅಷ್ಟು ಬಿಸಿಲಿನಲ್ಲೂ ನನ್ನ ಬೆರಳಲ್ಲಿದ್ದ ಅನ್ನ ಕೊರೆಯುವಷ್ಟು ತಣ್ಣಗಿತ್ತು. ದೂರದಲ್ಲಿ, ನಾನು ತೊಟ್ಟಿದ್ದಂಥದೇ ಹಳದಿ ಅಂಗಿಯವಳೊಬ್ಬಳು ಹಿಂತಿರುಗಿ ನೋಡದೆ ದೋಣಿ ಹತ್ತಿದಳು. ಎಲ್ಲರೂ ಅವಳಿಗೆ ಕೈಬೀಸಿದರು.

ನಾನು ದನಿಯೆತ್ತಿ ಹೇಳಿದೆ: "ನಂಗೆ ಹೋಗೋಕೆ ಇಷ್ಟ ಇಲ್ಲ ಮಾರಿಫೆ. ನಿಮ್ಮ ಜೊತೆನೇ ಇರ್ಬೇಕು."