ಹ್ಯಾಂಗ ಆರಾಮ?

"ಆರಾಮ ಅದೀನ್ರಿ," ಎಂದಳು ಬಸಲಿಂಗವ್ವ. ಅವಳ ಮಣಿಕಟ್ಟಿನ ಪಟ್ಟಿ ನಂಬಲಿಲ್ಲ. ಹಸಿರು ದೀಪ ಕೆಂಪಾಯಿತು, ಕಿಮೋಥೆರಪಿಯ ಪಂಪು ನಿಂತಿತು.

2058ರ ವಿಜಯಪುರದ ಆ ಕ್ಯಾನ್ಸರ್ ವಾರ್ಡಿನಲ್ಲಿ ಇದು ದಿನನಿತ್ಯದ ಸಂಗತಿ. ನಾಡಿಯ ಏರಿಳಿತ, ಬೆವರು, ದನಿಯ ನಡುಕ ಇವನ್ನೆಲ್ಲ ಕೂಡಿಸಿ ಮನಸ್ಸಿನ ಭಾರ ತಿಳಿಯುವ ಈ 'ಅಳಲುಮಾಪಕ'ವನ್ನು ಕಂಡುಹಿಡಿದವಳು ಡಾ. ನಾಗವೇಣಿ ಹೊಸಮನಿ. ದೀಪ ಕೆಂಪಾದರೆ ಯಾರಾದರೂ ಪಕ್ಕದಲ್ಲಿ ಕುಳಿತು ಮಾತಾಡಿಸಬೇಕು, ಔಷಧ ಆಮೇಲೆ. ಕಾಲುಗಂಟೆ ಹಾಳಾಗುತ್ತದೆಂದು ಗೊಣಗಿದವರೊಡನೆ ಎರಡು ವರ್ಷ ಜಗಳವಾಡಿ ತಂದ ನಿಯಮ ಅದು. ಮೊಂಡು ಹೆಂಗಸು, ಅಂಥ ಮೊಂಡುತನಕ್ಕೆ ಕೈಮುಗಿಯಬೇಕು.

ಅಂದು ನಾಗವೇಣಿಯೇ ಬಂದು ಕುಳಿತಳು. ಬಸಲಿಂಗವ್ವನಿಗೆ ಆರರಲ್ಲಿ ಮೂರೇ ಡೋಸು ಮುಗಿದಿದ್ದವು. ಈಗ ಬಿಟ್ಟರೆ ಗಡ್ಡೆ ಮತ್ತೆ ಬೆಳೆಯುವುದು ಖಂಡಿತ.

"ಮುಂದಿನ ಸಲ ಬರಂಗಿಲ್ಲ ಅಂದೀರಂತ. ಯಾಕ್ರೀ ಅವ್ವಾ?"

"ಏನಿಲ್ರಿ ಡಾಕ್ಟರ್ ಬಾಯಾರ. ಆರಾಮ ಅದೀನಿ."

"ಆರಾಮ ಅಂದ್ರ, ಹ್ಯಾಂಗ ಆರಾಮ?"

ಖಾನಾವಳಿಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ಕೈಗಳು ಸೆರಗನ್ನು ಹಿಂಡತೊಡಗಿದವು.

"ಮನ್ಯಾಗ ಮೊಮ್ಮಗಳು ಸಣ್ಣ ಕೂಸು ಐತ್ರಿ. ನನ್ನ ತಾಟು ಬ್ಯಾರೆ ಇಟ್ಟೀನಿ, ಹಾಸಿಗಿ ಬ್ಯಾರೆ. ಎರಡು ತಿಂಗಳಾತು, ಕೂಸಿನ್ನ ಎತ್ತಿಲ್ಲ. ಈ ಬ್ಯಾನಿ ಅದಕ್ಕ ಹತ್ತಿದ್ರ? ನಾ ಲಗೂನ ಹೋದ್ರ ಚಲೋ ಅಲ್ರಿ?"

ತಾಟು ಬೇರೆ ಇಡೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಯಾವ ಸ್ಕ್ಯಾನಿಗೂ ಸಿಗದ ಗಂಟು ಇದು. ನಾಗವೇಣಿ ಮಂಚದ ಮೇಲಿದ್ದ ಬಸಲಿಂಗವ್ವನ ಬುತ್ತಿಗಂಟು ಬಿಚ್ಚಿ, ರೊಟ್ಟಿ ಮುರಿದು ಬಾಯಿಗಿಟ್ಟಳು.

"ಇದು ಹತ್ತೋ ಬ್ಯಾನಿ ಅಲ್ಲವ್ವಾ. ಹತ್ತೂ ಹಂಗಿದ್ರ ಇಷ್ಟೊತ್ತಿಗೆ ನಾನ ಇರ್ತಿರಲಿಲ್ಲ. ಮೈಯಾಗ ಶಕ್ತಿ ಇದ್ದಾಗೆಲ್ಲ ಕೂಸಿನ್ನ ಎತ್ಗೋರಿ."

ಬಸಲಿಂಗವ್ವ ಬಿಕ್ಕಿ ಬಿಕ್ಕಿ ಅತ್ತಳು. ದೀಪ ಹಸಿರೇನೂ ಆಗಲಿಲ್ಲ, ಹಳದಿಯಾಯಿತು. ಅಷ್ಟು ಸಾಕಾಗಿತ್ತು. ಮೂಗೊರೆಸಿಕೊಂಡು ಅವಳೇ ತೋಳು ಚಾಚಿದಳು.

"ಮುಂದಿನ ಸಲ ಶೇಂಗಾ ಚಟ್ನಿನೂ ತರ್ತೀನ್ರಿ ಬಾಯಾರ."

ಪಂಪು ಮತ್ತೆ ಶುರುವಾಯಿತು. ನಾಗವೇಣಿ ಅಲ್ಲಿಂದ ಏಳಲಿಲ್ಲ. ತಾನು ಹನ್ನೆರಡರ ಹುಡುಗಿಯಾಗಿದ್ದಾಗ, 2026ರಲ್ಲಿ, ಇಂಥದೇ ವಾರ್ಡಿನಲ್ಲಿ ಮಲಗಿದ್ದ ತನ್ನ ಅವ್ವ "ಆರಾಮ ಅದೀನಿ" ಎಂದಿದ್ದಳು. ಎಲ್ಲರೂ ಅದನ್ನು ನಂಬಿ ಮನೆಗೆ ಮರಳಿದ್ದರು. ಆಗ ಈ ಪಟ್ಟಿ ಇರಲಿಲ್ಲ, ನಿಜ. ಆದರೆ ಮಂಚದ ಪಕ್ಕ ಒಂದು ಕುರ್ಚಿ ಇತ್ತು. ಯಾರೂ ಕೂರದೆ, ಅದರ ಮೇಲೆ ಹಣ್ಣಿನ ಚೀಲ ಇಟ್ಟು ಬಂದಿದ್ದರು.