ಮಾತ್ರೆ ಡಬ್ಬಿಯ ಮೇಲಿನ ಭಂಡಾರ

ಫೆಬ್ರವರಿ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸರ್ಕಾರಿ ಪ್ರೌಢಶಾಲೆಯ ಟೀಚರ್ ಸೀತಾ ದೂರಿನ ಹಾಳೆ ಹಿಡಿದು ಬಾಗಲಗುಂಟೆಯ ಠಾಣೆಗೆ ಬಂದರು. ಇನ್‌ಸ್ಪೆಕ್ಟರ್ ಈಶಪ್ಪ ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ.

"ಒಂಬತ್ತನೇ ಕ್ಲಾಸಿನ ಹುಡುಗಿ ಸಾರ್, ಮಹಾದೇವಿ ಅಂತ. ಶನಿವಾರ ಪ್ರೇಯರ್‌ಗೆ ನಿಂತಿದ್ದೋಳು ನಿಂತಂಗೇ ಕುಸಿದಳು. ಆಸ್ಪತ್ರೆಗೆ ಸೇರ್ಸೋ ಹೊತ್ತಿಗೆ ಮುಗಿದೇ ಹೋಗಿತ್ತು."

"ಡಾಕ್ಟರ್ ಏನಂದ್ರು?"

"ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಕಾಲು ಭಾಗಾನೂ ಇರಲಿಲ್ಲವಂತೆ. ಹೃದಯ ಎಳೆದು ಎಳೆದು ಸೋತೋಯ್ತು ಅಂದ್ರು."

"ಬಡವರ ಮಕ್ಕಳು ಮೇಡಂ. ಊಟ ಸಾಲಲ್ಲ. ಇದರಲ್ಲಿ ಪೊಲೀಸರ ಕೆಲಸ ಏನಿದೆ?"

"ಅದನ್ನೇ ಕೇಳೋಕೆ ಬಂದಿದ್ದೀನಿ. ಆ ಹುಡುಗಿ ರಕ್ತಾನ ಮೂರು ತಿಂಗಳಿಗೊಂದ್ಸಲ ಪರೀಕ್ಷೆ ಮಾಡ್ತಿದ್ರು. ಎರಡು ವರ್ಷದಿಂದ. ಅದನ್ನ ನೋಡೋಕೇ ಅಂತ ಒಂದು ಸಂಸ್ಥೆ ಇದೆ. ಅವರಿಗೆ ಕಾಣ್ಲಿಲ್ವಾ ಸಾರ್?"

ಈಶಪ್ಪ ಪೆನ್ನಿನ ಮುಚ್ಚಳ ತೆಗೆದರು.

ವಿಷಯ ಇಷ್ಟು. ವೈಟ್‌ಫೀಲ್ಡ್‌ನಲ್ಲಿ ಕಚೇರಿ ಇಟ್ಟುಕೊಂಡಿದ್ದ ಒಂದು ಸಂಶೋಧನಾ ಸಂಸ್ಥೆ, ಹೊರದೇಶದ ವಿದ್ವಾಂಸರ ಜೊತೆ ಸೇರಿ, ಬಡ ದೇಶಗಳ ಹರೆಯದ ಹುಡುಗಿಯರ ಆರೋಗ್ಯಕ್ಕೂ ಓದಿಗೂ ಏನು ನಂಟು ಎಂದು ಅಧ್ಯಯನ ನಡೆಸುತ್ತಿತ್ತು. ಹುಡುಗಿಯರಿಗೆ ದಿನಕ್ಕೊಂದು ಮಾತ್ರೆ. ಆಗಾಗ ಬೆರಳು ಚುಚ್ಚಿ, ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ರಕ್ತದ ಅಂಶ ನೋಡುವುದು. ಜೊತೆಗೆ ಶಾಲೆಯ ಹಾಜರಿ, ಅಂಕ. ಬರುವ ಮಾರ್ಚ್‌ಗೆ ಅಧ್ಯಯನ ಮುಗಿಯುವುದಿತ್ತು. ಬಾಗಲಗುಂಟೆಯ ಶೆಡ್ಡುಗಳಲ್ಲಿ ಇರುವ ಉತ್ತರ ಕರ್ನಾಟಕದ ಕೂಲಿಗಳ ಮಕ್ಕಳೂ ಅದರಲ್ಲಿ ಸೇರಿದ್ದರು.

ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಹನ್ನೊಂದೂವರೆಗೆ ಈಶಪ್ಪ, ಹೆಡ್ ಕಾನ್‌ಸ್ಟೆಬಲ್ ಬಸಲಿಂಗ, ಮಹಿಳಾ ಕಾನ್‌ಸ್ಟೆಬಲ್ ಶರಣ್ಯ ಮೂವರೂ ಶೆಡ್ಡಿಗೆ ಹೋದರು. ಒಂದೇ ಸಾಲಿನಲ್ಲಿ ತಗಡಿನ ಮಾಡಿನ ಕೋಣೆಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಸತ್ತ ಹುಡುಗಿಯ ಅಪ್ಪ ಮುದಕಪ್ಪ ಪೀಣ್ಯದ ಎರಕದ ಕಾರ್ಖಾನೆಯಲ್ಲಿ ಕೂಲಿ. ಅವನು ಹೊರಗೆ ಇಟ್ಟಿಗೆಯ ಮೇಲೆ ಕೂತಿದ್ದ. ತಾಯಿ ದುರ್ಗವ್ವ ಒಳಗಿದ್ದಳು. ಅವಳ ಬೆನ್ನಿಗೆ ಅಂಟಿಕೊಂಡು ಚಿಕ್ಕವಳು ಶಾಂಭವಿ, ಹದಿಮೂರು ವರ್ಷದವಳು. ಅವಳೂ ಅದೇ ಅಧ್ಯಯನದ ಹುಡುಗಿ.

ಪಂಚನಾಮೆ ಶುರುವಾಯಿತು. ಗೋಡೆಯ ಗೂಡಿನಲ್ಲಿ ಯಲ್ಲಮ್ಮನ ಪಟ, ಪಟದ ಮುಂದೆ ಮಾತ್ರೆಯ ಬಿಳಿ ಡಬ್ಬಿ. ಡಬ್ಬಿಯ ಮುಚ್ಚಳದ ತುಂಬ ಅರಿಸಿನದ ಪುಡಿ ಮೆತ್ತಿತ್ತು. ಶರಣ್ಯ ಅದಕ್ಕೆ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ!" ಎಂದು ದುರ್ಗವ್ವ ಕೂಗಿದಳು. ಅಲ್ಲಿಯವರೆಗೆ ಅವಳ ಬಾಯಿಂದ ಬಂದ ಮಾತು ಅದೊಂದೇ.

"ಏನಮ್ಮ, ಮಗಳಿಗೆ ಸುಸ್ತು ಇತ್ತಾ?" ಈಶಪ್ಪ ಕೇಳಿದರು.

"ಗೊತ್ತಿಲ್ರಿ."

"ಆಸ್ಪತ್ರೆಗೆ ತೋರಿಸಿದ್ರಾ?"

"ಗೊತ್ತಿಲ್ರಿ."

"ಮಾತ್ರೆ ಕೊಡ್ತಿದ್ದೋರು ಯಾರು?"

"ಗೊತ್ತಿಲ್ರೀ ಸಾಹೇಬ್ರ."

ಪಕ್ಕದ ಕೋಣೆಗಳಲ್ಲೂ ಅದೇ ಗೂಡು, ಅದೇ ಡಬ್ಬಿ, ಅದೇ ಅರಿಸಿನ, ಅದೇ ಉತ್ತರ. ಕೊನೆಗೆ ಶರಣ್ಯ ಶಾಂಭವಿಯನ್ನು ಬೆಳಕಿಗೆ ಕರೆದು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು. ಒಗೆದ ಬಟ್ಟೆಯಂತೆ ಬೆಳ್ಳಗಿತ್ತು. ನಲ್ಲಿಯಿಂದ ಒಂದು ಕೊಡ ತಂದಿದ್ದಕ್ಕೇ ಹುಡುಗಿ ಏದುಸಿರು ಬಿಡುತ್ತಿದ್ದಳು.

"ಇವಳನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಅಕ್ಕ. ಜೀಪ್ ಇದೆ."

"ಇಲ್ರಿ." ದುರ್ಗವ್ವ ಮಗಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡಳು.

ಜೀಪಿನ ಹತ್ತಿರ ಬಸಲಿಂಗ ಟೋಪಿ ತೆಗೆದು ಬೆವರು ಒರೆಸಿಕೊಂಡ. ಕುಷ್ಟಗಿ ಕಡೆಯವನು. "ಸಾರ್, ಅದು ಬರೀ ಅರಿಸಿನ ಅಲ್ಲ. ಯಲ್ಲಮ್ಮನ ಪ್ರಸಾದ, ಭಂಡಾರ. ಯಾರೋ ಇವರ ಕೈಲಿ ಭಂಡಾರ ಮುಟ್ಟಿಸಿ ಆಣೆ ಹಾಕ್ಸಿದ್ದಾರೆ. ಕತ್ತು ಕುಯ್ದರೂ ಬಾಯಿ ಬಿಡಲ್ಲ."

"ಮಕ್ಕಳ ಕಲ್ಯಾಣ ಸಮಿತಿ ಆದೇಶ ತಗೊಂಡು ಹುಡುಗೀನ ಎತ್ಕೊಂಡು ಹೋಗೋಣ ಸಾರ್," ಎಂದಳು ಶರಣ್ಯ.

"ಆದೇಶ ಬರೋದ್ರೊಳಗೆ ಇಡೀ ಸಾಲು ಊರಿನ ಬಸ್ ಹತ್ತಿರುತ್ತೆ ಕಣಮ್ಮ. ನೋಡಿಲ್ವಾ ನಾನು? ಹನ್ನೆರಡು ಗಂಟೆ ಪ್ರಯಾಣ. ಆ ಮಗು ದಾರೀಲೇ ಹೋಗುತ್ತೆ," ಎಂದ ಬಸಲಿಂಗ.

"ಆದೇಶಕ್ಕೆ ಬರಿ. ಒಬ್ಬರನ್ನ ಇಲ್ಲೇ ಕಾವಲು ಹಾಕು," ಎಂದರು ಈಶಪ್ಪ. "ಆಣೆ ಹಾಕಿಸಿದೋನು ಯಾರು, ಅದನ್ನ ಹುಡುಕೋಣ."

ಮಧ್ಯಾಹ್ನ ಮೂರು ಗಂಟೆಗೆ ಅವರು ವೈಟ್‌ಫೀಲ್ಡ್ ಕಚೇರಿಯಲ್ಲಿದ್ದರು. ಗೋಡೆಯ ಮೇಲೆಲ್ಲ ನಗುವ ಬಡ ಹುಡುಗಿಯರ ದೊಡ್ಡ ದೊಡ್ಡ ಫೋಟೊ. ಒಳಗೆ ಮೈ ಕೊರೆಯುವಷ್ಟು ತಣ್ಣಗಿತ್ತು. ನಿರ್ದೇಶಕ ರಾಮಪ್ರಸಾದ ಹಣ್ಣಿನ ಹೋಳುಗಳ ಡಬ್ಬಿ ಮುಂದಿಟ್ಟುಕೊಂಡು ಚಿಕ್ಕ ಫೋರ್ಕಿನಲ್ಲಿ ಚುಚ್ಚಿ ತಿನ್ನುತ್ತಿದ್ದ.

"ವೆರಿ ಸ್ಯಾಡ್ ಸಾರ್. ಆದ್ರೆ ಈ ಪಾಪ್ಯುಲೇಶನ್‌ನಲ್ಲಿ ಇಂಥದ್ದು ಎಕ್ಸ್‌ಪೆಕ್ಟೆಡ್."

"ಅವಳಿಗೆ ಕೊಟ್ಟಿದ್ದು ಏನು ಮಾತ್ರೆ?"

"ಕಬ್ಬಿಣದ್ದಿರಬಹುದು, ಡಮ್ಮಿ ಇರಬಹುದು. ಅರ್ಧ ಹುಡುಗೀರಿಗೆ ಅದು, ಅರ್ಧ ಹುಡುಗೀರಿಗೆ ಇದು. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ."

"ಡಮ್ಮಿ ಅಂದ್ರೆ?"

"ಹಿಟ್ಟು ಸಾರ್. ನಿರಪಾಯ."

"ಯಾರಿಗೆ ಗೊತ್ತಿರುತ್ತೆ?"

"ಕಂಪ್ಯೂಟರ್‌ಗೆ."

ಈಶಪ್ಪ ಅದನ್ನು ಬರೆದುಕೊಂಡರು. "ರಕ್ತ ತೀರಾ ಕಮ್ಮಿ ಇದ್ರೆ ಏನು ಮಾಡ್ತೀರಿ?"

"ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ ಬಂದ್ರೆ ಅವತ್ತೇ ಆಸ್ಪತ್ರೆಗೆ. ಸ್ಟಡಿಯಿಂದ ಹೊರಗೆ. ಎಥಿಕ್ಸ್ ರೂಲ್. ನಾವು ತುಂಬಾ ಸ್ಟ್ರಿಕ್ಟು."

"ಹೊರಗೆ ಹೋದೋರು ಇದ್ದಾರಾ?"

"ಎಲ್ಲಾ ಕಡೆ ಇದ್ದಾರೆ. ಚಿಕ್ಕಬಾಣಾವರದಲ್ಲಂತೂ ಸುಮಾರು ಜನ."

"ಬಾಗಲಗುಂಟೆಯಲ್ಲಿ?"

ರಾಮಪ್ರಸಾದನ ಮುಖ ಅರಳಿತು. "ಒಬ್ಬರೂ ಇಲ್ಲ. ನಮ್ಮ ಬೆಸ್ಟ್ ಸೈಟು. ಮುತ್ತಣ್ಣ ಅಂತ ಹುಡುಗ, ಅದೇ ಕಮ್ಯೂನಿಟಿಯೋನು, ಮಾತ್ರೆ ಕೊಡೋದು, ರಕ್ತ ನೋಡೋದು ಎಲ್ಲಾ ಅವನೇ. ಅವನು ಹೇಳಿದ್ರೆ ಆ ತಾಯಂದಿರು ಗೆರೆ ದಾಟಲ್ಲ. ಬೇರೆ ಔಷಧ ಕೊಟ್ಟು ರಿಸಲ್ಟ್ ಕೆಡಿಸಲ್ಲ."

"ಹೆಂಗೆ ಒಪ್ಪಿಸ್ತಾನೆ?"

"ಅದೆಲ್ಲ ನಾವು ಕೇಳಲ್ಲ ಸಾರ್. ಲೋಕಲ್ ನಾಲೆಜ್."

ಕೆಳಗೆ ಬಂದ ಮೇಲೆ ಬಸಲಿಂಗ ರಸ್ತೆ ಬದಿಗೆ ಹೋಗಿ ಕ್ಯಾಕರಿಸಿ ಉಗಿದ.

ಮಂಗಳವಾರ ಬೆಳಿಗ್ಗೆ ಶರಣ್ಯ ಸಮವಸ್ತ್ರ ಬಿಟ್ಟು ಚೂಡಿದಾರ ಹಾಕಿಕೊಂಡು ಶಾಲೆಗೆ ಹೋದಳು. ಆಣೆ ತಾಯಂದಿರದು, ಮಕ್ಕಳ ಬಾಯಿಗೆ ಬೀಗ ಇರಲಿಲ್ಲ. ಬಿಸಿಯೂಟದ ಹೊತ್ತಿಗೆ ಸೀತಾ ಟೀಚರ್ ಹುಡುಗಿಯರನ್ನು ಸುತ್ತ ಕೂರಿಸಿದರು.

"ಬೆರಳು ಚುಚ್ಚಿದ್ರೆ ನೋವಾಗಲ್ವೇನ್ರೇ?"

"ಸ್ಫೂರ್ತಿ ಅಳ್ತಾಳ್ರಿ ಮಿಸ್, ಸೂಜಿ ನೋಡಿದ್ರನ ಅಳ್ತಾಳ," ಎಂದಳೊಬ್ಬಳು.

"ಏಯ್ ಸುಮ್ನಿರ! ನೀ ಚಡ್ಡ್ಯಾಗ ಉಚ್ಚಿ ಹೊಯ್ಕೊಂಡಿದ್ದಿಲ್ಲ?" ಎಂದಳು ಸ್ಫೂರ್ತಿ. ಎಲ್ಲರೂ ನಕ್ಕರು.

"ಆದ್ರ ಮುತ್ತಣ್ಣ ಭಾಳ ಚಲೋ ಅದಾರ್ರಿ," ಎಂದು ಸ್ಫೂರ್ತಿಯೇ ಮುಂದುವರಿಸಿದಳು. "ನಮಗ ಚುಚ್ಚಿದ ಮ್ಯಾಲೆ ತಮಗೂ ಚುಚ್ಕೋತಾರ. ನೋಡು ತಂಗಿ, ನನಗೂ ನೋಯಂಗಿಲ್ಲ ಅಂತಾರ."

ಶರಣ್ಯಳ ನಗು ನಿಂತಿತು. "ಎಲ್ಲರಿಗೂ ಹಂಗೇ ಮಾಡ್ತಾರಾ?"

"ಇಲ್ರಿ, ಮಹಾದೇವಿಗೆ, ಶಾಂಭವಿಗೆ, ಇನ್ನೊಂದಿಬ್ಬರಿಗೆ ಅಷ್ಟ. ಅವರು ಮೆತ್ತನ ಹುಡುಗ್ಯಾರು ನೋಡ್ರಿ, ಅದಕ್ಕ."

"ಚುಚ್ಕೊಂಡು ಏನು ಮಾಡ್ತಾರೆ?"

"ಮಿಷಿನ್ನಿಗೆ ಹಚ್ತಾರ್ರಿ."

ಹೆತ್ತವರೂ ಟೀಚರೂ ಮಕ್ಕಳೂ ಇಷ್ಟು ದಿನ ಅದನ್ನು ಕರುಣೆ ಎಂದುಕೊಂಡಿದ್ದರು. ಶರಣ್ಯ ಎದ್ದು ಹೋಗಿ ಈಶಪ್ಪನವರಿಗೆ ಫೋನ್ ಮಾಡಿದಳು.

ಸಮಿತಿಯ ಆದೇಶ ಇನ್ನೂ ಬಂದಿರಲಿಲ್ಲ. ಕಾವಲಿನವನು ಹೇಳಿದ: ಶಾಂಭವಿ ಬೆಳಿಗ್ಗೆಯಿಂದ ಎದ್ದಿಲ್ಲ. ಈಶಪ್ಪ ಮುತ್ತಣ್ಣನನ್ನು ಠಾಣೆಗೆ ಕರೆಸಲಿಲ್ಲ, ಶೆಡ್ಡಿಗೇ ಬರಹೇಳಿದರು. ಆಣೆ ಹಾಕಿಸಿದವನೇ ಭಂಡಾರ ವಾಪಸು ತೆಗೆದುಕೊಂಡರೆ ಹೆಂಗಸರು ಬಾಯಿ ಬಿಡುತ್ತಾರೆ ಎಂದು ಬಸಲಿಂಗ ಹೇಳಿದ್ದ.

ಸಂಜೆ ನಾಲ್ಕಕ್ಕೆ ಮುತ್ತಣ್ಣ ಬೈಕಿನಲ್ಲಿ ಬಂದ. ಮೂವತ್ತರ ಒಳಗಿನ ತೆಳ್ಳಗಿನ ಹುಡುಗ, ಕೊರಳಲ್ಲಿ ಸಂಸ್ಥೆಯ ಗುರುತಿನ ಚೀಟಿ. ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತರು.

"ಈ ಹೆಂಗಸರ ಕೈಲಿ ಭಂಡಾರದ ಆಣೆ ಹಾಕ್ಸಿದೋನು ನೀನೇನಾ?" ಈಶಪ್ಪ ಕೇಳಿದರು.

"ಆಣೆನಾ?" ಮುತ್ತಣ್ಣ ನಕ್ಕ. "ಸಾರ್, ನಾನು ಎಂಎಸ್‌ಡಬ್ಲ್ಯು ಮಾಡಿರೋನು. ನಮ್ಮದು ಸೈನ್ಸು."

"ಹಾಕ್ಸಿದ್ರೆ ಈಗ ಬಿಡಿಸು. ಒಳಗೆ ಮಗು ಮಲಗಿದೆ."

"ಹಾಕ್ಸೇ ಇಲ್ಲ ಸಾರ್, ಬಿಡಿಸೋದೇನು? ಇವರ ಮೂಢನಂಬಿಕೆಗೆ ನಾನು ಹೊಣೆನಾ?"

ದುರ್ಗವ್ವ ಬಾಗಿಲಿಂದ ಇಳಿದು ಬಂದಳು. ಅವನ ಎದುರಿಗೇ ನಿಂತಳು.

"ಮುತ್ತಣ್ಣ, ನನ್ನ ಮಾರಿ ನೋಡಿ ಹೇಳು. ನೀ ನನ್ನ ಕೈಯಾಗ ಭಂಡಾರ ಇಟ್ಟಿಲ್ಲ?"

ಅವನು ಒಮ್ಮೆ ಇನ್‌ಸ್ಪೆಕ್ಟರನ್ನು ನೋಡಿದ. "ಇಲ್ಲವ್ವಾ."

"ಯಲ್ಲಮ್ಮನ ಮ್ಯಾಲೆ?"

ನಲ್ಲಿಯ ನೀರು ಬಿಂದಿಗೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಯಾರೂ ತಿರುಗಿಸಲು ಹೋಗಲಿಲ್ಲ.

"ಇಲ್ಲ ಅಂದ್ನೆಲ್ಲ. ಯಲ್ಲಮ್ಮನ ಮ್ಯಾಲೂ ಇಲ್ಲ."

ದುರ್ಗವ್ವ ಉಳಿದ ಹೆಂಗಸರ ಕಡೆ ತಿರುಗಿದಳು. "ಕೇಳಿದ್ರಿಲ್ಲ? ಇಟ್ಟಾಂವನ ಇಟ್ಟಿಲ್ಲ ಅಂತಾನ. ಅಂದಮ್ಯಾಲೆ ನಮ್ಮ ಮ್ಯಾಲೆ ಆಣಿ ಎಲ್ಲೈತಿ?"

ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಶಾಂಭವಿಯನ್ನು ಕೂಸಿನಂತೆ ಎತ್ತಿಕೊಂಡು ಬಂದಳು. "ತಂಗೀ, ನಿನ್ನ ಗಾಡಿ ಎಲ್ಲೈತಿ? ನಡಿ, ಲಗೂನ ನಡಿ," ಎಂದು ಶರಣ್ಯಳಿಗೆ ಹೇಳಿದಳು. ಜೀಪಿನಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಒಂದೇ ಸಮನೆ ಹೇಳುತ್ತಲೇ ಇದ್ದಳು.

ಬೇರೆ ಔಷಧ ಮುಟ್ಟಿಸಿದರೆ, ಬೇರೆ ಡಾಕ್ಟರ ಹತ್ತಿರ ಹೋದರೆ, ಹೊರಗೆ ಬಾಯಿ ಬಿಟ್ಟರೆ ಮನೆಯ ಮಕ್ಕಳು ರಕ್ತ ಕಾರುತ್ತಾರೆ. ಅದು ಅವನು ಹಾಕಿಸಿದ ಆಣೆ. ಶಾಲೆಯಲ್ಲಿ ಕೊಡುವ ಸರ್ಕಾರದ ಕಬ್ಬಿಣದ ಮಾತ್ರೆಯನ್ನು ಅವನ ಮಾತು ಕೇಳಿ ಹುಡುಗಿಯರು ಮನೆಗೆ ತಂದು ಮೋರಿಗೆ ಹಾಕುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಮಹಾದೇವಿಯ ಕಾಲು ಊದಿಕೊಂಡಾಗ ದುರ್ಗವ್ವ ಅವನ ಕಾಲು ಹಿಡಿದಿದ್ದಳು. "ಮಾರ್ಚ್ ಮಟ ತಡಿಯವ್ವಾ, ಪರೀಕ್ಷೆ ಮುಗಿಲಿ," ಎಂದಿದ್ದನಂತೆ. ಹಿರಿಯವಳು ಸತ್ತ ಮೇಲೆ ಚಿಕ್ಕವಳಾದರೂ ಉಳಿಯಲಿ ಎಂದೇ ಅವಳು ಆಣೆ ಹಿಡಿದುಕೊಂಡು ಕೂತಿದ್ದಳು.

ಅತ್ತ ಶೆಡ್ಡಿನಲ್ಲಿ ಉಳಿದ ತಾಯಂದಿರು ಒಬ್ಬೊಬ್ಬರಾಗಿ ಡಬ್ಬಿಗಳನ್ನು ತಂದು ಬಸಲಿಂಗನ ಮುಂದೆ ಇಟ್ಟರು. ಬಸಲಿಂಗ ಮುತ್ತಣ್ಣನ ಎರಡೂ ಕೈ ಹಿಡಿದು ಮೇಲಕ್ಕೆ ತಿರುಗಿಸಿದ. ಹತ್ತೂ ಬೆರಳ ತುದಿಯಲ್ಲಿ ಕಪ್ಪು ಚುಕ್ಕೆಗಳು, ಜಲ್ಲಡಿಯ ಹಾಗೆ.

"ಥೂ ನಿನ್ನ," ಎಂದನಷ್ಟೆ. ಹೊಡೆಯಲಿಲ್ಲ. ಕೈ ಬಿಟ್ಟು ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಸಂಜೆ ಆರು ಗಂಟೆಗೆ ಕೊಲೆಯಲ್ಲದ ನರಹತ್ಯೆಯ ಕಲಮಿನಡಿ ಎಫ್‌ಐಆರ್ ಆಯಿತು, ಬಂಧನವೂ ಆಯಿತು. ಆರೋಪಿಯ ವೈದ್ಯಕೀಯ ತಪಾಸಣೆ ನಡೆಯಿತು. ಆಸ್ಪತ್ರೆಯಿಂದ ಶರಣ್ಯ ಫೋನ್ ಮಾಡಿದಳು: ಶಾಂಭವಿಗೆ ಎರಡನೆಯ ಬಾಟಲಿ ರಕ್ತ ಹತ್ತುತ್ತಿದೆ, ಕಣ್ಣು ಬಿಟ್ಟು ನೀರು ಕೇಳಿದಳು. ಸಂಸ್ಥೆಯ ಮೇಲೂ ತನಿಖೆ ಎಂದು ರಾಮಪ್ರಸಾದನಿಗೆ ನೋಟಿಸು ಹೋಯಿತು. ಅವನು ತಿರುಗಿ ಫೋನ್ ಮಾಡಿ, ಬಾಗಲಗುಂಟೆಯ ಉಳಿದ ಹುಡುಗಿಯರನ್ನು ಮಾರ್ಚ್ ತನಕ ಮುಂದುವರಿಸಲು ಆಗುತ್ತದೆಯೇ, ಸಂಖ್ಯೆ ಕಮ್ಮಿ ಬೀಳುತ್ತದೆ, ಎಂದು ಕೇಳಿದ. ಈಶಪ್ಪ ಫೋನ್ ಇಟ್ಟರು.

ಮುತ್ತಣ್ಣ ಹೇಳಿಕೆ ಕೊಡುವಾಗ ಅಳಲಿಲ್ಲ. ತಾನೂ ಇಂಥದ್ದೇ ಶೆಡ್ಡಿನಲ್ಲಿ ಬೆಳೆದವನು ಎಂದ. ಗಂಡಸಿನ ರಕ್ತ ಹಚ್ಚಿದರೆ ಅಂಕೆ ಮೇಲೆ ಹೋಗಿ ಯಾರಿಗೂ ಅನುಮಾನ ಬರುವುದಿಲ್ಲವೇ ಎಂದು ಈಶಪ್ಪ ಕೇಳಿದರು.

"ಬರಲ್ಲ ಸಾರ್. ಗಂಡಸಿಗೆ ಹದಿಮೂರು ಇರಬೇಕು, ನನ್ನದೂ ಹತ್ತೂವರೆ ಅಷ್ಟೇ."

"ಯಾತಕ್ಕೆ ಮಾಡ್ದೆ?"

ಅವನು ದೆಹಲಿಯ ವಿಷಯ ಹೇಳಿದ. ಹಿಂದಿನ ವರ್ಷ ದೆಹಲಿಯ ಸಭೆಗೆ ಅವನನ್ನು ಕರೆದುಕೊಂಡು ಹೋಗಿದ್ದರು. ಶುರುವಾದಾಗಿನಿಂದ ಒಬ್ಬ ಹುಡುಗಿಯೂ ಬಿಟ್ಟುಹೋಗದ ಜಾಗ ಇಡೀ ಅಧ್ಯಯನದಲ್ಲಿ ಬಾಗಲಗುಂಟೆ ಒಂದೇ ಎಂದು ಪರದೆಯ ಮೇಲೆ ದೊಡ್ಡ ಸೊನ್ನೆ ತೋರಿಸಿ, ಅವನನ್ನು ಎದ್ದು ನಿಲ್ಲಲು ಹೇಳಿದರು. ಬಿಳಿಯರೂ ನಮ್ಮವರೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅದಕ್ಕೆ ಮುಂಚೆ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಆಮೇಲೆ ಒಬ್ಬಳನ್ನು ಕಳಿಸಿದರೂ ಆ ಸೊನ್ನೆ ಹೋಗುತ್ತದೆ ಎನಿಸುತ್ತಿತ್ತು ಎಂದ.

"ದೀಪಾವಳಿ ಹೊತ್ತಿಗೆ ಮಹಾದೇವಿ ಬೆರಳು ಚುಚ್ಚಿದಾಗ ಎಷ್ಟು ಬಂತು?"

"ನಾಲ್ಕು."

"ಆಮೇಲೆ?"

"ಒರೆಸಿ ನನ್ನದು ಹಚ್ಚಿದೆ."

ಬಸಲಿಂಗ ಅದನ್ನು ಇದ್ದ ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಸಹಿಗೆ ಪೆನ್ನು ಕೊಟ್ಟ. ಬೆರಳ ತುದಿ ನೋಯುತ್ತದೆಂದು ಮುತ್ತಣ್ಣ ಪೆನ್ನನ್ನು ಅಂಗೈಯಲ್ಲಿ ಹಿಡಿದು ಸಹಿ ಮಾಡಿದ.