ಬೆರಳು ಹಾರುವ ಕಾರಣ

ಒಂದಾನೊಂದು ಊರಿನ ಶೂಟಿಂಗ್ ರೇಂಜ್‌ನಲ್ಲಿ, ನಾಲ್ಕನೇ ಲೇನ್‌ನಲ್ಲಿ, ಒಬ್ಬಳು ರಾಜಕುಮಾರಿ ಇದ್ದಳು. ರಾಜ್ಯ ಇರಲಿಲ್ಲ, ರೈಫಲ್ ಇತ್ತು. ಅದಕ್ಕೊಂದು ಹೊಸ ಟ್ರಿಗರ್ ತರಿಸಿದ್ದಳು. ಅದನ್ನು ಕೂರಿಸಿ, ಅವಳ ಬೆರಳಿಗೆ ಹೊಂದಿಸಿ ಕೊಡುತ್ತೇನೆಂದು ಮಾತು ಕೊಟ್ಟವನು ರೇಂಜ್‌ನ ಹಿಂದಿನ ಕೋಣೆಯ ಮೆಕ್ಯಾನಿಕ್. ಎಲ್ಲರ ಬಾಯಲ್ಲಿ ಅವನು ಸ್ಕ್ರೂ ಸಾಹೇಬ.

ಅಜ್ಜಿ ಹೇಳಿದ್ದರೆ ಕಥೆ ಹೀಗೇ ಶುರುವಾಗುತ್ತಿತ್ತು. ಆದರೆ ಅಜ್ಜಿಯ ರಾಜಕುಮಾರಿಯರು ಯಾರೂ ನನ್ನ ಹಾಗೆ ಬಾಗಿಲು ದೂಡಿಕೊಂಡು ನುಗ್ಗಿ ಕಿರುಚುತ್ತಿರಲಿಲ್ಲ.

“ಸಾಹೇಬ್ರೇ, ಇದೇನು ಟ್ರಿಗರ್ರಾ, ಗೇಟಿನ ಚಿಲಕಾನಾ? ಎಳೆದೂ ಎಳೆದೂ ಬೆರಳು ಸೋತುಹೋಯ್ತು! ನಾಳೆ ಬೆಳಿಗ್ಗೆ ಟೀಮ್ ಆಯ್ಕೆ!”

ಅವನು ತಲೆ ಎತ್ತಿದ. ಮೂಗಿನ ತುದಿಯಲ್ಲಿ ಗ್ರೀಸ್. ಅದನ್ನು ಒರೆಸಲು ನನ್ನ ಕೈ ತುರಿಸಿತು.

“ನಿಮ್ಮ ಬೆರಳು ನೋಡಿಯೇ ಗಟ್ಟಿ ಮಾಡಿದ್ದು. ಕೂತ್ಕೊಳ್ಳಿ, ತೋರಿಸ್ತೀನಿ.”

ರೈಫಲ್‌ನ ಬೋಲ್ಟ್ ತೆರೆದು, ಒಳಗೆ ಗುಂಡಿಲ್ಲವೆಂದು ಅವನೂ ನೋಡಿದ, ನಾನೂ ನೋಡಿದೆ. ಸ್ಕ್ರೂ ತುಸು ಸಡಿಲಿಸಿ ರೈಫಲ್ ಕೊಟ್ಟ. ಈ ಟ್ರಿಗರ್‌ನಲ್ಲಿ ಬೆರಳು ಮೊದಲು ಸುಮ್ಮನೆ ಜಾರಬೇಕು, ಆಮೇಲೊಂದು ತಡೆ ಸಿಗಬೇಕು. ಆ ತಡೆಯಲ್ಲಿ ನಿಂತು, ಗುರಿ ನೋಡಿ, ಮತ್ತಿಷ್ಟು ಒತ್ತಬೇಕು.

ಒತ್ತಿದೆ. ಅವನು ನೋಡಲು ಬಗ್ಗಿದ. ಸೋಪಿನ ಪರಿಮಳ.

ಟಕ್!

“ನೋಡಿದ್ರಾ? ಬೆರಳು ತಡೆಯಲ್ಲಿ ನಿಲ್ಲೋದೇ ಇಲ್ಲ, ಹಾರುತ್ತೆ. ಹಗುರ ಮಾಡಿದ್ರೆ ನೀವು ಗುರಿ ಹಿಡಿಯೋ ಮೊದಲೇ ಗುಂಡು ಹೋಗಿರುತ್ತೆ.”

“ಲೇನ್‌ನಲ್ಲಿ ಹಾರಲ್ಲ.”

“ಮತ್ತೆ ಇಲ್ಲಿ ಮಾತ್ರ ಯಾಕೆ?”

ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಟೀಮ್ ಹೋಗುತ್ತದೆ. ಸಾಲದ್ದಕ್ಕೆ ಅವನ ಮೇಜಿನ ಮೇಲೆ, ಎಣ್ಣೆ ಡಬ್ಬಿಯ ಪಕ್ಕ, ಒಂದು ಕೆಂಪು ನೇಲ್‌ಪಾಲಿಷ್ ಸೀಸೆ. ಯಾವಳದೋ! ಬಂದಾಗಲೆಲ್ಲ ಅದು ನನ್ನನ್ನು ಅಣಕಿಸುತ್ತಿತ್ತು.

“ಫ್ಯಾನ್ ಗಾಳಿ,” ಅಂದೆ.

ಫ್ಯಾನ್ ಆರಿಸಿದ. ಟ್ರಿಗರ್ ಮತ್ತೆ ಸಜ್ಜಾಗಲೆಂದು ಬೋಲ್ಟ್ ಎಳೆದೆ. ಟಕ್!

“ಟ್ಯೂಬ್‌ಲೈಟ್ ಮಿಣಕ್ ಮಿಣಕ್ ಅನ್ನುತ್ತೆ.”

ಅದನ್ನೂ ಆರಿಸಿ ಕಿಟಕಿ ತೆರೆದ. ಸಂಜೆ ಬಿಸಿಲು ನೇರ ಅವನ ಕೆನ್ನೆಯ ಮೇಲೆ ಹೋಗಿ ಕೂತಿತು. ಟಕ್! ಇನ್ನೂ ಬೇಗ.

ಅಜ್ಜಿಯ ಕಥೆಗಳಲ್ಲಿ ಬಾಯಿ ಬಿಡದ ರಾಜಕುಮಾರಿಯರೆಲ್ಲ ಕಲ್ಲಾಗುತ್ತಿದ್ದರು. ಕಲ್ಲಾಗಿ ನಾಳೆ ಆಯ್ಕೆಗೆ ಹೋಗುವುದು ಹೇಗೆ?

“ನೀವು ಹೊರಗೆ ಹೋಗಿ.”

“ನನ್ನ ಕೋಣೆಯಿಂದ ನಾನೇನಾ?”

“ಹ್ಞೂಂ. ಬಾಗಿಲು ಹಾಕ್ಕೊಂಡು ನಿಲ್ಲಿ.”

ಬಾಗಿಲು ಮುಚ್ಚಿತು. ಬೆರಳಿಟ್ಟೆ. ಜಾರಿತು, ತಡೆ ಸಿಕ್ಕಿತು, ನಿಂತಿತು. ಉಸಿರು ಬಿಟ್ಟು ಮೆಲ್ಲಗೆ ಒತ್ತಿದೆ. ಟಿಕ್.

“ಏನಾಯ್ತು?” ಆಚೆಯಿಂದ ಕೇಳಿದ.

“ಹಾರಲಿಲ್ಲ.”



“ಹಾಗಾದ್ರೆ... ಫ್ಯಾನ್‌ದು ತಪ್ಪಿಲ್ಲ?”

“ಇಲ್ಲ.”

“ಟ್ಯೂಬ್‌ಲೈಟ್‌ದು?”

“ಪಾಪ, ಅದರದ್ದೂ ಇಲ್ಲ.” ಕಣ್ಣು ಮುಚ್ಚಿಕೊಂಡೆ. “ನೀವು ಹತ್ತಿರ ಬಂದ್ರೆ ಹಾರುತ್ತೆ. ನಿಮ್ಮದೇ ತಪ್ಪು.”

ಬಾಗಿಲಿಗೆ ಹಣೆ ಆನಿಸಿದ ಸದ್ದು.

“ಟ್ರಿಗರ್ ಕೂರಿಸೋವಾಗ ಸ್ಪ್ರಿಂಗ್ ಕೈಜಾರಿ ಬಿತ್ತಲ್ಲ, ಇಬ್ಬರೂ ಮೇಜಿನ ಕೆಳಗೆ ಹುಡುಕಿದ್ವಿ. ಬೇರೆಯವರ ರೈಫಲ್ ಆದ್ರೆ ಅದನ್ನ ಕಣ್ಣು ಮುಚ್ಚಿ ಕೂರಿಸ್ತೀನಿ ನಾನು.”

ನಗು ತಡೆಯಲಾಗಲಿಲ್ಲ. ಅವನು ಆಚೆಯಿಂದಲೇ ಹೇಳುತ್ತ ಹೋದ, ನಾನು ಸ್ಕ್ರೂ ತಿರುಗಿಸುತ್ತ ಹೋದೆ. ಒಂಚೂರು ಸಡಿಲ. ಸಾಕು. ಇಲ್ಲ, ಜಾಸ್ತಿಯಾಯ್ತು, ವಾಪಸ್.

“ಈಗ ಒಳಗೆ ಬರಬಹುದಾ? ಕೊನೇ ಪರೀಕ್ಷೆ ನಾನೇ ಮಾಡ್ಬೇಕು.”

ಖಾಲಿ ರೈಫಲ್‌ನ ಬುಡವನ್ನು ರಬ್ಬರ್ ಮ್ಯಾಟ್ ಮೇಲೆ ದಪ್ಪೆಂದು ಕುಟ್ಟಿದ. ಏಟು ಬಿದ್ದರೂ ಟ್ರಿಗರ್ ತಾನಾಗಿ ಬಿಡಲಿಲ್ಲ. ಕಿವಿಗಳು ಕೆಂಪಗಾಗಿದ್ದವು ಅವನಿಗೆ.

“ನಾಳೆ ನಿಮ್ಮ ಹಿಂದೇನೇ ನಿಂತಿರ್ತೀನಿ. ಹಾರಿಸಿಬಿಟ್ಟೀರಾ?”

“ನಿಂತು ನೋಡಿ.”

ಭುಜದ ಹತ್ತಿರವೇ ಬಂದು ನಿಂತ. ಅದೇ ಸೋಪು. ಹೇಳಿಬಿಟ್ಟ ಮೇಲೆ ಬೆರಳಿಗೆ ಬಚ್ಚಿಡಲು ಏನೂ ಉಳಿದಿರಲಿಲ್ಲ. ತಡೆಯಲ್ಲಿ ಹಾಯಾಗಿ ನಿಂತಿತು. ಟಿಕ್.

ಅವನು ಆ ಕೆಂಪು ಸೀಸೆಗೆ ಕೈ ಹಾಕಿದ.

“ಯಾರದ್ದದು?”

“ನಂದೇ. ಒಂದು ಹನಿ ಹಾಕಿದ್ರೆ ಸ್ಕ್ರೂ ಹೊಂದಿಸಿದ ಜಾಗದಿಂದ ಅಲ್ಲಾಡಲ್ಲ.”

“ಮತ್ತೆ ಇಷ್ಟು ದಿನ ನನ್ನದಕ್ಕೆ ಯಾಕೆ ಹಾಕಲಿಲ್ಲ?”

“ಹಾಕಿದ್ರೆ ಕೆಲಸ ಮುಗೀತು ಅಂತ. ಆಮೇಲೆ ನೀವು ಬರ್ತಿದ್ರಾ?”

ಕೈಬೆರಳಿಂದ ಅವನ ಮೂಗಿನ ಗ್ರೀಸ್ ಒರೆಸಿದೆ.

“ಹಾಕಿ. ಬರ್ತೀನಿ.”

ಪುಟ್ಟ ಬ್ರಷ್ ಅದ್ದಿ ತೆಗೆದ. ಕೆಂಪು ಹನಿ ಸ್ಕ್ರೂ ತಲೆಯ ಮೇಲೆ ಕೂತಿತು. ಬೇಗ ಒಣಗಲೆಂದು ಇಬ್ಬರೂ ಒಟ್ಟಿಗೇ ಬಗ್ಗಿ ಊದಿದೆವು.